ಹದಿನಾಲ್ಕನೆಯ ಸಾಲು

“ಆಕ್ಷೇಪ,” ಎಂದ ಲಮಾರ್ ಹಾಸ್ಟೆಟರ್. ಬೆಳಗಿನಿಂದ ಇದು ನೂರನೆಯ ಸಲವೋ ಏನೋ. “ಸಹಿ ಒಂದು ಕೈಯದು, ವಿಳಾಸ ಇನ್ನೊಂದು ಕೈಯದು.”

ಗುಮಾಸ್ತೆ ಯೋಲಾಂಡಾ ಹಾಳೆಯನ್ನು ದೀಪದ ಹತ್ತಿರ ಹಿಡಿದು ನೋಡಿದಳು. ಆಮೇಲೆ ಆ ಸಾಲಿನ ಮೇಲೆ ಕೆಂಪು ಗೀಟು ಎಳೆದಳು.

“ಸೊಸೆ ವಿಳಾಸ ಬರೆದುಕೊಟ್ಟಿದ್ದಾಳೆ, ಅಷ್ಟೇ ತಾನೇ?” ಎಂದಳು ಮೇಜಿನ ಆಚೆ ಕೂತಿದ್ದ ನೇಡೀನ್ ಕ್ರೈಡರ್. “ಮುದುಕನ ಕೈ ನಡುಗುತ್ತೆ ಕಣಪ್ಪ.”

“ನಡುಗಲಿ ಬಿಡಿ. ನಡುಗೋ ಕೈಯಲ್ಲಿ ಗೀಚಿದ್ದು ಉಳಿಯುತ್ತೆ ನೇಡೀನ್, ಪ್ರೀತಿಯಿಂದ ಬರೆದುಕೊಟ್ಟಿದ್ದು ಬೀಳುತ್ತೆ. ನಿಯಮ ನಾನು ಮಾಡಿದ್ದಲ್ಲ.”

“ನಿಮ್ಮವರೂ ಆ ಇನ್ನೊಂದು ಪಕ್ಷದವರೂ ಕೂತು ಮಾಡಿದ್ದು. ಮಿಕ್ಕಿದ್ದಕ್ಕೆಲ್ಲ ಹಾವು ಮುಂಗುಸಿ, ಇದೊಂದಕ್ಕೆ ಮಾತ್ರ ಅಣ್ಣ ತಮ್ಮ!”

ಯೋಲಾಂಡಾ ನಕ್ಕಳು. ಲಮಾರ್ ನಗಲಿಲ್ಲ, ಆದರೆ ಬೇಜಾರೂ ಮಾಡಿಕೊಳ್ಳಲಿಲ್ಲ. ಈ ಮಾತನ್ನು ಅವನು ಏಳು ಚುನಾವಣೆಗಳಿಂದ ಕೇಳುತ್ತಾ ಬಂದಿದ್ದ.

ಪೆನ್ಸಿಲ್ವೇನಿಯಾದ ಆಗಸ್ಟ್ ಸೆಕೆ. ನ್ಯಾಯಾಲಯದ ಹಿಂಬದಿಯ ಕೋಣೆ. ಅಧ್ಯಕ್ಷರ ಚುನಾವಣೆ ಬಂತೆಂದರೆ ಎರಡು ದೊಡ್ಡ ಪಕ್ಷಗಳ ಹೆಸರು ಮತಪತ್ರದಲ್ಲಿ ಇದ್ದೇ ಇರುತ್ತದೆ. ನೇಡೀನ್‌ಳ ಪಕ್ಷದಂಥ ಸಣ್ಣವರು ಐದು ಸಾವಿರ ಮತದಾರರ ಸಹಿ ತಂದು ಬಾಗಿಲು ತಟ್ಟಬೇಕು. ಆಗ ದೊಡ್ಡ ಪಕ್ಷದವರು ಲಮಾರ್‌ನಂಥವನನ್ನು ಕಳಿಸುತ್ತಾರೆ. ಅವನು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಒಂದೊಂದೇ ಸಾಲು ಆರಿಸಿ ತೆಗೆಯುತ್ತಾನೆ. ಹಳೇ ವಿಳಾಸ, ಅಡ್ಡಹೆಸರು, ಬೇರೆಯವರ ಕೈಬರಹ. ರಸ್ತೆ ಇಲಾಖೆಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದವನು; ಕೂದಲೆಳೆಯಷ್ಟು ವ್ಯತ್ಯಾಸವೂ ಕಣ್ಣಿಗೆ ಬೀಳುತ್ತಿತ್ತು. ಆರು ಸಲ ನೇಡೀನ್ ಬರಿಗೈಯಲ್ಲಿ ಮನೆಗೆ ಹೋಗಿದ್ದಳು.

ಊಟದ ಹೊತ್ತಿಗೆ ಅವಳು ಡಬ್ಬಿ ಬಿಚ್ಚಿದಳು. ಕಾಕಂಬಿ ತುಂಬಿ ಬೇಯಿಸಿದ ಸಿಹಿ ಪೈ.

“ತಗೊಳ್ಳಿ. ವಿಷ ಹಾಕಿಲ್ಲ.”

“ಇಪ್ಪತ್ತನಾಲ್ಕು ವರ್ಷದಿಂದ ತಿಂತಿದ್ದೀನಿ, ಹಾಕಿದ್ದರೂ ಈಗ ಒಗ್ಗಿರುತ್ತೆ.” ಲಮಾರ್ ಇಬ್ಬರಿಗೂ ಕಾಫಿ ಬಗ್ಗಿಸಿದ.

“ಇದೇನ್ರಿ ಅರ್ಧ ಲೋಟ? ಕಾಫಿಗೂ ಆಕ್ಷೇಪವೇ?”

“ಅಭ್ಯಾಸ ಬಲ. ಅರ್ಲೀನ್‌ಗೆ ತುಂಬ ಕೊಟ್ಟರೆ ಚೆಲ್ಲಿಬಿಡ್ತಾಳೆ.” ಲೋಟ ತುಂಬಿಸಿದ.

“ಹೇಗಿದ್ದಾರೆ ನಿಮ್ಮ ಮನೆಯವರು? ಮುಖ ನೋಡಿದ್ದಿಲ್ಲ, ನಿಮ್ಮ ಕೈಬರಹದ ಕ್ರಿಸ್‌ಮಸ್ ಕಾರ್ಡು ಮಾತ್ರ ವರ್ಷ ವರ್ಷ ತಪ್ಪದೆ ಬರುತ್ತೆ.”

“ಇದ್ದಾಳೆ.”

ನೇಡೀನ್ ಚಪ್ಪಲಿ ಬಿಟ್ಟು ಊದಿದ ಪಾದಗಳನ್ನು ತಣ್ಣನೆಯ ನೆಲಕ್ಕೆ ಊರಿದಳು. ಬೇಸಿಗೆಯಿಡೀ ಸಂತೆ ಸಂತೆ ತಿರುಗಿದ ಪಾದಗಳು. “ನನಗೀಗ ಎಪ್ಪತ್ತಮೂರು. ಇನ್ನೊಂದು ಸಲ ಈ ಸಹಿ ಹಲಗೆ ಹಿಡಿದು ನಿಲ್ಲೋಕೆ ಆಗಲ್ಲ. ಗೆಲ್ಲೋ ಆಸೆ ಯಾರಿಗಿದೆ ಹೇಳಿ? ಜನ ನಮ್ಮನ್ನ ಬೇಡ ಅನ್ನೋದಕ್ಕಾದರೂ ಚೀಟಿಯಲ್ಲಿ ಒಂದು ಹೆಸರು ಬೇಕಲ್ಲ?”

ಲಮಾರ್ ಪೈ ಮುರಿದು ಬಾಯಿಗಿಟ್ಟುಕೊಂಡ.

ಮಧ್ಯಾಹ್ನ ಸಾಲುಗಳು ಉದುರುತ್ತಾ ಹೋದವು. ಲಂಕಾಸ್ಟರ್ ಜಿಲ್ಲೆಯ ಹಾಳೆಗಳು ಬಂದಾಗ ಯೋಲಾಂಡಾಗೆ ನಗು ತಡೆಯಲಾಗಲಿಲ್ಲ. “ಇದೂ ಹಾಸ್ಟೆಟರ್, ಅದೂ ಹಾಸ್ಟೆಟರ್! ನೆಂಟರನ್ನೂ ಬಿಡಲ್ವಾ ಸಾರ್ ನೀವು?”

“ನಮ್ಮ ಕಡೆ ಕಲ್ಲು ಎಸೆದರೆ ಒಬ್ಬ ಹಾಸ್ಟೆಟರ್ ತಲೆಗೆ ಬೀಳುತ್ತಮ್ಮ,” ಎಂದ ಲಮಾರ್. ಆ ಹಾಳೆಗಳನ್ನು ಅವನು ಉಳಿದವಕ್ಕಿಂತ ನಿಧಾನವಾಗಿ ತಿರುಗಿಸಿದ. ಒಂದನ್ನು ಮುಟ್ಟಲೇ ಇಲ್ಲ. “ಇದು ಕೊನೆಗಿರಲಿ,” ಎಂದು ಪಕ್ಕಕ್ಕೆ ಸರಿಸಿದ.

ನಾಲ್ಕು ಗಂಟೆಗೆ ಮೇಜಿನ ಮೇಲೆ ಆ ಒಂದು ಹಾಳೆ ಮಾತ್ರ ಉಳಿದಿತ್ತು. ಅದರಲ್ಲಿ ಹದಿಮೂರು ಸಾಲಿಗೆ ತಕರಾರಿರಲಿಲ್ಲ. ಯೋಲಾಂಡಾ ಎರಡು ಸಲ ಲೆಕ್ಕ ಹಾಕಿದಳು. ಅವಳ ದನಿ ಸಣ್ಣಗಾಯಿತು.

“ಹದಿನಾಲ್ಕನೇ ಸಾಲು ಉಳಿದರೆ ಸರಿಯಾಗಿ ಐದು ಸಾವಿರ. ಬಿದ್ದರೆ ಒಂದು ಕಡಿಮೆ.”

ಮೂವರೂ ಬಗ್ಗಿ ನೋಡಿದರು. ಸಹಿ ಜೇಡ ಹರಿದಾಡಿದ ಹಾಗಿತ್ತು. ಪಕ್ಕದಲ್ಲಿ ವಿಳಾಸ, ಅಚ್ಚು ಹಾಕಿದಷ್ಟು ನೇರ.

ನೇಡೀನ್ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. ನಂತರ ಲಮಾರ್‌ನ ಮುಖ ನೋಡಿದಳು.

“ಚರ್ಚ್‌ನಲ್ಲಿ ಕೌದಿ ಹೊಲಿಯೋವಾಗ ಈ ಸಹಿಯಾಕೆ ಹಾಳೆ ಇಸ್ಕೊಂಡಳು,” ಎಂದಳು ಮೆಲ್ಲಗೆ. “ಮನೆಯಲ್ಲಿ ಕೂತು ನಿಧಾನವಾಗಿ ಬರೀತೀನಿ ಅಂದಳು. ಐವತ್ತು ವರ್ಷ ಮನೆಯವರು ಹಾಕಿದ ಕಡೆಗೇ ವೋಟು ಹಾಕಿದ್ದಾಳಂತೆ. ಇದೊಂದು ಸಲ ತನ್ನಿಷ್ಟ ಅಂತ ಹೇಳಿದಳು.”

“ಅದು ಪುರಾವೆ ಆಗಲ್ಲ,” ಎಂದ ಲಮಾರ್.

“ನನಗೇನೋ ಎರಡೂ ಒಂದೇ ಕೈ ಅನ್ಸುತ್ತೆ,” ಎಂದಳು ಯೋಲಾಂಡಾ. ಅವಳಿಗೂ ಸಾಕಾಗಿತ್ತು. “ವಯಸ್ಸಾದವರು ಸಹಿ ಗೀಚ್ತಾರೆ, ವಿಳಾಸ ಜೋಪಾನವಾಗಿ ಬರೀತಾರೆ. ಅನುಮಾನ ಇದ್ದರೆ ಸಾಲು ಉಳಿಸಿ ಅಂತ ನ್ಯಾಯಾಧೀಶರ ಅಪ್ಪಣೆ. ನೀವು ಸುಮ್ಮನಿದ್ದರೆ ನಾನು ಠಸ್ಸೆ ಒತ್ತಿ ಮನೆಗೆ ಹೋಗ್ತೀನಿ ಸಾರ್.”

ಠಸ್ಸೆ ಮೇಲೆದ್ದಿತು.

“ಆಕ್ಷೇಪ,” ಎಂದ ಲಮಾರ್.

“ಹಾಗಾದರೆ ಯಾರ ಕೈ ಅಂತ ಹೇಳಿ,” ಎಂದಳು ನೇಡೀನ್. “ಬಾಯಿಬಿಟ್ಟು ಹೇಳಿ ಲಮಾರ್. ಹೇಳಿದರೆ ಕೆಂಪು ಗೀಟು ನಾನೇ ಎಳೀತೀನಿ.”

ಅವನು ಕನ್ನಡಕ ತೆಗೆದು ಮಡಚಿದ. ಕಣ್ಣುಗಳನ್ನು ಹೆಬ್ಬೆರಳಿಂದ ಒತ್ತಿಕೊಂಡ. ಏಳು ಚುನಾವಣೆಗಳ ದಣಿವೆಲ್ಲ ಹೆಗಲಿಗಿಳಿದಂತೆ ಕುರ್ಚಿಯಲ್ಲಿ ಕುಸಿದ.

“ನನ್ನದು,” ಎಂದ. “ಸಹಿ ಅರ್ಲೀನ್‌ದು. ವಿಳಾಸವನ್ನೂ ತಾನೇ ಗೀಚ್ತೀನಿ ಅಂದಳು. ನಾನು ಬಿಡಲಿಲ್ಲ.”