ಚಕ್ರ ನೇರ ಮಾಡಿಸಲು ಬಂದವಳು

"ಶಟರ್ ಇಳಿಸ್ತೀರಾ?" ಎಂದಳು ಹೆಂಗಸು. ಕಾರಿನ ಎಂಜಿನ್ ಇನ್ನೂ ಆರಿರಲಿಲ್ಲ.

ಗ್ಯಾರೇಜಿನ ಮೇಸ್ತ್ರಿ ಅರ್ಧ ಇಳಿಸಿದ. ನಡು ಮಧ್ಯಾಹ್ನ ಬಾಗಿಲು ಮುಚ್ಚಿಸುವ ಗಿರಾಕಿಯನ್ನು ಅವನು ಅದುವರೆಗೆ ಕಂಡಿರಲಿಲ್ಲ. ಕಾರೂ ದಿನಾ ಬರುವಂಥದ್ದಲ್ಲ. ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು, ಅಗಲ ಟೈರು, ಹಿಂದೆ ಸೀಟೇ ಇಲ್ಲ. ರೇಸಿಗೆಂದು ಯಾರೋ ಆಸೆಪಟ್ಟು ಬಿಚ್ಚಿ ಕಟ್ಟಿದ ಗಾಡಿ. ಪಕ್ಕದ ಸೀಟಿನಲ್ಲಿ ಒಂದು ಹೆಣ್ಣುಮಗು ಶಾಲು ಹೊದ್ದು ಮಲಗಿತ್ತು.

"ಸ್ಟೇರಿಂಗ್ ಕೈಯಲ್ಲಿ ನಿಲ್ತಾ ಇಲ್ಲ. ಎಲ್ಲಿ ಹೊಡೀತೀನೋ ಅಂತ ಭಯ. ತುಂಬ ದೂರ ಹೋಗಬೇಕು."

"ಗಾಡಿ ನಿಮ್ಮ ಯಜಮಾನರದ್ದಾ?"

ಹೆಂಗಸು ಹೌದೆಂದು ತಲೆಯಾಡಿಸಿದಳು.

ಮೇಸ್ತ್ರಿ ಬಗ್ಗಿ ನೋಡಿದ. ಮುಂದಿನ ಎರಡೂ ಚಕ್ರಗಳನ್ನು ಬೇಕೆಂದೇ ಹೊರಮುಖ ಮಾಡಿದ್ದರು. ರೇಸಿನ ತಿರುವುಗಳಲ್ಲಿ ಗಾಡಿ ಸರಕ್ಕನೆ ತಿರುಗಲು ಅದು ಒಳ್ಳೆಯದೇ. ಹೆದ್ದಾರಿಯಲ್ಲಿ ಮಾತ್ರ ಅದೇ ಯಮ.

ಅವನು ಕಾರಿನ ಎರಡೂ ಬದಿಗೆ ದಾರ ಬಿಗಿದು ಕಟ್ಟಿದ. ಇಂಥ ಗಾಡಿಗೆ ಅವನದು ಹಳೇ ಪದ್ಧತಿ: ದಾರದಿಂದ ಚಕ್ರದ ಅಂಚಿಗೆ ಅಳತೆ. ಅದಕ್ಕೂ ಮೊದಲು ಸೀಟಿನ ಮೇಲೆ ಮರಳಿನ ಚೀಲಗಳು, ಕೂರುವವರ ತೂಕಕ್ಕೆ ಸರಿಯಾಗಿ. ಖಾಲಿ ಗಾಡಿ ಸುಳ್ಳು ಹೇಳುತ್ತದೆ ಎಂಬುದು ಅವನ ಮಾತು. ಮರಳು ತೂಗುತ್ತ ತೂಗುತ್ತ ಬಂದವರ ಸಂಸಾರವನ್ನೂ ತೂಗುವ ಚಟ ಅವನಿಗೆ ಅಂಟಿಕೊಂಡಿತ್ತು. ಕೆಟ್ಟ ಚಟ, ಆದರೆ ತಾನು ತಪ್ಪುವವನಲ್ಲ ಎಂಬ ಜಂಬ ಬೇರೆ.

"ಯಾರ್ ಯಾರು ಹೋಗ್ತೀರಿ?"

"ನಾನು, ಮಗು. ಅಷ್ಟೇ."

"ಯಜಮಾನರು?"

"ಅವರಿಗೆ ಗೊತ್ತಾಗಬಾರದು."

ಚೀಲ ಎತ್ತಿಕೊಡಲು ಅವಳು ಕೈ ಚಾಚಿದಾಗ ಮಣಿಕಟ್ಟಿಗೆ ಸುತ್ತಿದ್ದ ಕರವಸ್ತ್ರ ಜಾರಿತು. ಹಲ್ಲಿನ ಗುರುತು. ಹಸಿ ಗಾಯ. ಅವಳು ತಟ್ಟನೆ ಮುಚ್ಚಿಕೊಂಡಳು.

ಮೇಸ್ತ್ರಿಯ ಅಕ್ಕನೂ ಒಮ್ಮೆ ಹೀಗೇ ತೋಳು ಮುಚ್ಚಿಕೊಂಡು ತವರಿಗೆ ಬಂದಿದ್ದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಅಪ್ಪ ಮರುದಿನವೇ ಹಿಂದಕ್ಕೆ ಕಳಿಸಿದ. ಆಮೇಲೆ ಬಂದದ್ದು ಅವಳು ತೀರಿಹೋದ ಸುದ್ದಿ. ಆ ಗಾದೆ ಕಿವಿಗೆ ಬಿದ್ದರೆ ಮೇಸ್ತ್ರಿಗೆ ಇಂದಿಗೂ ಮೈ ಉರಿಯುತ್ತದೆ.

"ಮಗು ಎಷ್ಟು ತೂಕ?"

ಅವಳು ಮಗುವಿನ ಕಡೆ ಒಮ್ಮೆ ನೋಡಿದಳು. "ಹದಿನೈದು ಕಿಲೋ ಇರಬಹುದು."

ಅವನೇ ಮಗುವನ್ನೆತ್ತಿ ಬೆಂಚಿನ ಮೇಲೆ ಮಲಗಿಸಿದ. ಇಪ್ಪತ್ತಕ್ಕೆ ಮೋಸವಿಲ್ಲ. ಕತ್ತು ಒಂದು ಕಡೆ ವಾಲಿತು, ಎಚ್ಚರವಾಗಲಿಲ್ಲ.

"ಕಾರಲ್ಲಿ ವಾಂತಿ ಮಾಡ್ತಾಳೆ. ಔಷಧ ಕೊಟ್ಟಿದೀನಿ," ಎಂದಳು.

ಪಾಪ, ಹೆದರಿ ಹೆದರಿ ಬದುಕುವವಳಿಗೆ ಮಗುವಿನ ತೂಕ ನೋಡುವ ಪುರುಸೊತ್ತಾದರೂ ಎಲ್ಲಿ ಎಂದುಕೊಂಡ ಮೇಸ್ತ್ರಿ.

ಅವನು ನೆಲಕ್ಕೊರಗಿ ಚಕ್ರದ ಹಿಂದೆ ಕೈ ತೂರಿಸಿ, ಚಕ್ರ ತಿರುಗಿಸುವ ಟೈ ರಾಡಿನ ನಟ್ಟು ಸಡಿಲಿಸಿದ. ಅರ್ಧ ಸುತ್ತು ತಿರುಗಿಸಿ ಅಳೆದ, ಮತ್ತೆ ಕಾಲು ಸುತ್ತು. ಹೊರಗೆ ಯಾವ ಗಾಡಿ ಸದ್ದಾದರೂ ಹೆಂಗಸು ಶಟರಿನ ಸಂದಿಗೆ ಓಡುತ್ತಿದ್ದಳು. ಅವಳು ಹಾಗೆ ಓಡಿದ್ದಾಗಲೇ ಮಗು ಕಣ್ಣು ಬಿಟ್ಟಿತು.

"ಅಪ್ಪ ಬರ್ತಾರಾ?"

"ಇಲ್ಲ ಪುಟ್ಟಿ, ಹೆದರಬೇಡ. ನಾನಿದೀನಲ್ಲ, ಬರೋಕೆ ಬಿಡಲ್ಲ," ಎಂದ ಮೇಸ್ತ್ರಿ.

ಮಗುವಿನ ಕಣ್ಣು ತುಂಬಿತು. ಏನೋ ಹೇಳಲು ಬಾಯಿ ತೆರೆದು ಮತ್ತೆ ನಿದ್ದೆಗೆ ಜಾರಿತು. ಎಷ್ಟು ಹೆದರಿದೆಯೋ ಎಂದು ಮೇಸ್ತ್ರಿಗೆ ಆ ಅಪ್ಪನ ಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನಟ್ಟು ಬಿಗಿದ.

ಕೆಲಸ ಮುಗಿಯಿತು. "ಇನ್ನು ಕೈ ಬಿಟ್ಟರೂ ನೇರ ಓಡುತ್ತೆ. ಹಳೇ ಸೇತುವೆ ದಾರಿ ಹಿಡೀರಿ, ಅಲ್ಲಿ ಯಾರೂ ತಡೆಯಲ್ಲ."

"ನಿಮ್ಮ ಉಪಕಾರ ಮರೆಯಲ್ಲ ಅಣ್ಣ," ಎಂದಳು ಹೆಂಗಸು.

ಅಣ್ಣ ಎಂದದ್ದು ಅವನಿಗೆ ಸಾಕಾಯಿತು. ಕೂಲಿ ಬೇಡವೆಂದ.

ಮಗುವನ್ನು ಸೀಟಿನಲ್ಲಿ ಮಲಗಿಸಿಕೊಂಡು ಹೆಂಗಸು ಸೇತುವೆಯ ಕಡೆ ಹೊರಟಳು. ಶಟರನ್ನು ಮತ್ತೆ ಅರ್ಧ ಇಳಿಸಿ ಮೇಸ್ತ್ರಿ ದಾರ ಸುತ್ತಿಡುವಷ್ಟರಲ್ಲಿ ಹೊರಗೆ ಬೈಕೊಂದು ಬಂದು ನಿಂತಿತು. ಶಟರನ್ನು ದಡಾರನೆ ಎತ್ತಿ ಒಬ್ಬ ಆಸಾಮಿ ಒಳಗೆ ನುಗ್ಗಿದ. ಆಳೆತ್ತರದ ದೇಹ, ಅಂಗಿಯ ಗುಂಡಿ ಮೇಲೆ ಕೆಳಗೆ, ಕಣ್ಣು ಕೆಂಡ.

"ಕೆಂಪು ಕಾರು. ರೇಸ್ ಗಾಡಿ. ಬಂತಾ?"

"ಯಾವ ಕಾರೂ ಇಲ್ಲ. ಬೆಳಗ್ಗೆಯಿಂದ ನೊಣ ಹೊಡೀತಾ ಕೂತಿದೀನಿ."

ಆಸಾಮಿ ಅವನ ಕೊರಳಪಟ್ಟಿ ಹಿಡಿದ. "ಸುಳ್ಳು ಹೇಳಬೇಡ. ಈ ರಸ್ತೆಗೆ ತಿರುಗಿದ್ದನ್ನ ನೋಡಿದವರಿದಾರೆ. ನನ್ನ ಮಗಳಿದಾಳೆ ಅದರಲ್ಲಿ." ಜೇಬಿನಿಂದ ಫೋನ್ ತೆಗೆದು ಮುಖಕ್ಕೆ ಹಿಡಿದ. "ನೋಡು, ಇವಳೇ, ನನ್ನ ಮಗಳು."

ಮಗಳಂತೆ ಮಗಳು. ಹೆಂಡತಿಯ ಸುದ್ದಿಯೇ ಇಲ್ಲ. ಮೇಸ್ತ್ರಿ ಫೋಟೋ ನೋಡಲಿಲ್ಲ. ಹೆದರಿದವನಂತೆ ನಟಿಸಿ ಸೇತುವೆಗೆ ಬೆನ್ನು ಮಾಡಿ ಪೇಟೆಯ ಕಡೆ ಕೈ ತೋರಿಸಿದ. "ಆ ಕಡೆ ಹೋಯ್ತು. ಬೇಗ ಹೋದರೆ ಸಿಗುತ್ತೆ."

ಬೈಕು ಪೇಟೆಯ ಕಡೆ ಹಾರಿತು. ಮೇಸ್ತ್ರಿ ಚಹಾ ತರಿಸಿ ಕುಡಿದ. ಎಷ್ಟೋ ವರ್ಷಗಳ ಮೇಲೆ ಅಕ್ಕನ ಮುಖ ನೆನೆದೂ ನೆಮ್ಮದಿಯಾಗಿದ್ದ.

ಸಂಜೆ ಆಸಾಮಿ ಮತ್ತೆ ಬಂದ. ಈ ಸಲ ಜೀಪಿನಲ್ಲಿ, ಜೊತೆಗೆ ಒಬ್ಬ ಇನ್ಸ್‌ಪೆಕ್ಟರ್. ಆಸಾಮಿಯ ಆರ್ಭಟವೆಲ್ಲ ಇಳಿದಿತ್ತು. ಬಾಗಿಲಲ್ಲೇ ಕುಸಿದು ಕೂತ.

"ದಾರಿ ತಪ್ಪಿಸಿ ಯಾಕೆ ಹೇಳಿದಿರಿ?" ಎಂದರು ಇನ್ಸ್‌ಪೆಕ್ಟರ್.

ಮೇಸ್ತ್ರಿ ಎದೆಯುಬ್ಬಿಸಿ ನಿಂತ. "ಬೇಕಂತಲೇ ಹೇಳಿದೆ ಸಾರ್. ಹೆಂಡತಿ ಮೇಲೆ ಕೈ ಮಾಡೋನಿಗೆ ನಾನು ದಾರಿ ತೋರಿಸಲ್ಲ. ಜೈಲಿಗೆ ಹಾಕ್ತೀರಾ, ಹಾಕಿ. ತಾಯಿ ಮಗಳು ಇಷ್ಟು ಹೊತ್ತಿಗೆ ಗಡಿ ದಾಟಿರ್ತಾರೆ."

ಇನ್ಸ್‌ಪೆಕ್ಟರ್ ಅವನನ್ನೇ ನೋಡಿದರು.

"ಆ ಮಗುವಿನ ತಾಯಿ ಸತ್ತು ಎರಡು ವರ್ಷ ಆಯ್ತು ಮೇಸ್ತ್ರಿ. ನೀವು ದಾಟಿಸಿದವಳು, ಮಗೂನ ನೋಡ್ಕೊಳ್ತೀನಿ ಅಂತ ಮೊನ್ನೆ ಇವರ ಮನೆಗೆ ಕೆಲಸಕ್ಕೆ ಸೇರಿದವಳು."