ಮಹಾಂತನ ಚೌಕಶಿ

ಮಹಾಂತ ಎಂಬ ಹುಡುಗ ಹೇಗೆ ಎಂದು ಅಪರಿಚಿತರೊಬ್ಬರು ಕೇಳಿದ ಕೂಡಲೇ ಬೀರದೇವನ ಕಿವಿ ನೆಟ್ಟಗಾಯಿತು. ಬಾಯಿಗೆ ಹೋಗುತ್ತಿದ್ದ ಚಹಾದ ಕಪ್ಪು ಅರ್ಧದಲ್ಲೇ ನಿಂತಿತು.

ಕೇಳಿದವರು ಬಿಳಿ ಟೊಪ್ಪಿಗೆಯ ಹಿರಿಯರು. ಜೊತೆಗೆ ಇಳಕಲ್ ಸೀರೆಯ ಹೆಂಗಸು, ತಲೆ ತುಂಬ ಸೆರಗು. ಬಿಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಾರು ನಿಲ್ಲಿಸಿ, ಚಂದ್ರಾಬಾಯಿಯ ಚಹಾದಂಗಡಿಯ ಬಾಕಿನ ಮೇಲೆ ಬಂದು ಕೂತಿದ್ದರು. ಚಂದ್ರಾಬಾಯಿ ಚಹಾ ಸೋಸುವ ನೆವದಲ್ಲಿ ಬೀರದೇವನ ಕಡೆ ಬಾಗಿ, "ಚೌಕಶಿಗೆ ಬಂದಾರ" ಎಂದು ಪಿಸುಗುಟ್ಟಿದಳು.

ಅದನ್ನು ಹೇಳಬೇಕಾಗಿಯೇ ಇರಲಿಲ್ಲ. ಹೆಣ್ಣು ಕೊಡುವವರು ಮೊದಲು ಹುಡುಗನ ಮನೆಗೆ ಹೋಗುವುದಿಲ್ಲ. ಸುಳಿವು ಕೊಡದೆ ಊರಿಗೆ ಬಂದು, ಚಹಾದಂಗಡಿಯಲ್ಲೋ ಕ್ಷೌರದಂಗಡಿಯಲ್ಲೋ ಕೂತು ಅವನ ಹುಳುಕು ಕೆದಕುತ್ತಾರೆ. ಹೀಗೆ ವಿಚಾರಿಸುವುದೇ ಚೌಕಶಿ. ಅಲ್ಲಿ ಒಬ್ಬ ಮೂಗು ಮುರಿದರೂ ಸಾಕು, ಕಾರು ಬಂದ ದಾರಿಗೇ ಹೊರಳುತ್ತದೆ.

ಬೀರದೇವನ ಹೊಟ್ಟೆಗೆ ಬೆಂಕಿ ಬಿತ್ತು. ಅವನೂ ಮಹಾಂತನೂ ಒಂದೇ ಶಾಲೆಯಲ್ಲಿ ಕಲಿತವರು, ಒಂದೇ ದಾಳಿಂಬೆ ಪ್ಯಾಕಿಂಗ್ ಶೆಡ್ಡಿನಲ್ಲಿ ದುಡಿದವರು. ಶೆಡ್ಡು ಮುಚ್ಚಿದ ಮೇಲೆ ಇಬ್ಬರೂ ಬರಿಗೈ. ಈಗ ಜತ್ತ ರಸ್ತೆಯಲ್ಲಿ ಒಣದ್ರಾಕ್ಷಿ ಇಡುವ ಹೊಸ ಕೋಲ್ಡ್ ಸ್ಟೋರೇಜ್ ಎದ್ದಿತ್ತು. ಅದರ ಗೋದಾಮು ನೋಡಿಕೊಳ್ಳಲು ಒಬ್ಬ ಬೇಕಾಗಿದ್ದ. ಒಬ್ಬನೇ. ಇವರಿಬ್ಬರೂ ಅರ್ಜಿ ಹಾಕಿದ್ದರು, ಮಾರನೆಯ ಬೆಳಿಗ್ಗೆ ಇಬ್ಬರಿಗೂ ಬರಹೇಳಿದ್ದರು. ಬೀರದೇವನಿಗೆ ಆ ಕೆಲಸ ಬೇಕೇ ಬೇಕಿತ್ತು. ತಿಂಗಳ ಪಗಾರ ಇಲ್ಲದ ಹುಡುಗನಿಗೆ ಈ ಕಡೆ ಯಾರೂ ಹೆಣ್ಣು ಕೊಡುವುದಿಲ್ಲ. ಅವನಿಗೋ ಮೂವತ್ತು ದಾಟಿತ್ತು, ಅವ್ವ ಕಂಡ ಕಂಡ ದೇವರಿಗೆ ಹರಕೆ ಹೊತ್ತು ಸಾಕಾಗಿದ್ದಳು. ಇಂಥದ್ದರಲ್ಲಿ, ಕೆಲಸ ಇಲ್ಲದೆಯೇ ಮಹಾಂತನಿಗೆ ಹೆಣ್ಣು ಬರುವುದೆಂದರೆ ಏನರ್ಥ?

"ಗೊತ್ತೇನ್ರಿ, ಭಾಳ ಚಲೋ ಗೊತ್ತು," ಎನ್ನುತ್ತ ಬೀರದೇವ ಹತ್ತಿರ ಸರಿದ. ತನ್ನ ಹೆಸರು ಮಾತ್ರ ಹೇಳಲಿಲ್ಲ.

ಕುಡಿಯುತ್ತಾನೆಯೇ ಎಂದು ಹಿರಿಯರು ಕೇಳಿದರು.

"ಕುಡಿಯಾಕ ದೋಸ್ತರರ ಬೇಕಲ್ರಿ. ಅವಗ ಯಾರ ಅದಾರ?"

ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ. ಮಹಾಂತನ ಸ್ವಭಾವವನ್ನು ಇದ್ದ ಹಾಗೆ ಹೇಳಿದರೂ ಯಾವ ತಾಯಿಯೂ ಮಗಳನ್ನು ಕೊಡಲಾರಳು. ಸ್ವಂತ ಅಕ್ಕನ ಗಂಡ ಒಂದು ಗಳಿಗೆ ಗಾಡಿ ಕೇಳಿದರೆ, ಇದು ಶೆಡ್ಡಿನ ಗಾಡಿ, ನನ್ನದಲ್ಲ ಎಂದು ಕೊಡದೆ ಕಳಿಸಿದವನು. ಶೆಡ್ಡಿಗೆ ಹಣ್ಣು ತಂದ ಸ್ವಂತ ಚಿಕ್ಕಪ್ಪನನ್ನೂ ಪಾಳಿಯಲ್ಲಿ ನಿಲ್ಲಿಸಿದವನು. ನಗುವುದಂತೂ ಗೊತ್ತೇ ಇಲ್ಲ. ಬೀರದೇವ ಒಂದೊಂದನ್ನೇ ರಸವತ್ತಾಗಿ ಬಿಡಿಸಿಟ್ಟ.

ಹೆಂಗಸು ಮೊದಲ ಸಲ ಬಾಯಿ ತೆರೆದಳು. "ಅವನ ಕೈಯಾಗ ಕೊಟ್ರ ಜ್ವಾಕಿ ಇರತೈತೇನ್ರಿ?"

ಪಾಪ, ಹೆತ್ತ ಕರುಳು ಎಂದುಕೊಂಡ ಬೀರದೇವ. ದನಿ ಇಳಿಸಿದ. "ಜ್ವಾಕಿ ಅಲ್ರಿ ಅಕ್ಕಾರ, ಜೇಲ ಆಗತೈತಿ. ಬಾಗಲಕ್ಕ ಕೀಲಿ ಹಾಕಿ ಜಗ್ಗಿ ನೋಡತಾನ. ಹಾದಿಗಿ ಹೋದಾಂವ ತಿರುಗಿ ಬಂದು ಮತ್ತ ಜಗ್ಗತಾನ. ಹುಟ್ಟಿಸಿದ ಅಪ್ಪನ್ನ ಸುದ್ದಾ ನಂಬಂಗಿಲ್ಲ."

ಕೊನೆಗೆ ಎದೆಯಲ್ಲಿ ಕುದಿಯುತ್ತಿದ್ದ ಕಥೆಯನ್ನೇ ತೆಗೆದ. ಶೆಡ್ಡು ಮುಚ್ಚುವುದಕ್ಕೆ ಮೊದಲು, ಒಂದು ಸಂಜೆ, ಮಹಾಂತನ ಬಾಲ್ಯದ ಗೆಳೆಯನೊಬ್ಬ ಹೊರಗೆ ಕಾದಿದ್ದ ದೋಸ್ತರಿಗೆಂದು ಎರಡು ಬಾಕ್ಸ್ ದಾಳಿಂಬೆ ಒಯ್ಯುತ್ತಿದ್ದ. ಮಹಾಂತ ಗೇಟು ಹಾಕಿಬಿಟ್ಟ. ಎಲ್ಲರ ಎದುರಿಗೆ ಬಾಕ್ಸುಗಳನ್ನು ಅವನ ಕೈಯಿಂದಲೇ ಒಳಗೆ ವಾಪಸು ಇಡಿಸಿದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹೇಳುತ್ತ ಹೇಳುತ್ತ ಬೀರದೇವನ ಮುಖ ಕೆಂಪಗಾಯಿತು. ಆ ಅವಮಾನ ಇನ್ನೂ ಹಸಿಯಾಗಿಯೇ ಇತ್ತು.

"ಯಾರ್ರಿ ಆ ಗೆಳೆಯ?" ಎಂದಳು ಹೆಂಗಸು.

ಚಂದ್ರಾಬಾಯಿ ಬಾಯಿ ತೆರೆಯುವುದರಲ್ಲಿದ್ದಳು. ಬೀರದೇವ ಕಣ್ಣು ಬಿಟ್ಟು ಅವಳನ್ನು ಸುಮ್ಮನಾಗಿಸಿದ. ಒಂದು ಹೆಣ್ಣು ಹೇಗೂ ಮಹಾಂತನ ಕೈ ತಪ್ಪಿತ್ತು. ಅದು ಇನ್ನೊಂದು ಮನೆಗೆ ಯಾಕೆ ಬರಬಾರದು?

"ಬೀರದೇವ ಅಂತರಿ. ಬಂಗಾರದಂಥ ಹುಡುಗ. ಕೇಳಿದವರಿಗೆ ಇಲ್ಲ ಅಂದಾಂವ ಅಲ್ಲ. ತಂದೇನು, ಮಾಲಕಂದೇನು, ದೋಸ್ತರು ಅಂದ್ರ ಕೈಬಿಚ್ಚಿ ಕೊಡತಾನ. ನೋಡೂದಿದ್ರ ಅಂಥಾಂವನ್ನ ನೋಡ್ರಿ."

ಆ ಹೆಸರು ಕೇಳಿ ಇಬ್ಬರೂ ಮುಖ ಮುಖ ನೋಡಿಕೊಂಡರು. ಗಾಳ ಕಚ್ಚಿತು ಎಂದುಕೊಂಡ ಬೀರದೇವ. ಹಿರಿಯರು ಕೈಮುಗಿದು ಎದ್ದರು. ಕಾರು ಮಹಾಂತನ ಓಣಿಯ ಕಡೆ ತಿರುಗಲೂ ಇಲ್ಲ, ನೇರ ಜತ್ತ ರಸ್ತೆ ಹಿಡಿಯಿತು.

ಸಂಜೆ ದೋಸ್ತರ ನಡುವೆ ಇದೇ ಮಾತು, ಇದೇ ನಗೆ. ಅಷ್ಟರಲ್ಲಿ ಮಹಾಂತ ಅದೇ ದಾರಿಯಲ್ಲಿ ಬಂದ. ಮಾತು ಬಿಟ್ಟವನೊಡನೆ ಬೀರದೇವ ತಾನಾಗಿ ಮಾತು ತೆಗೆದ. "ನಿನ್ನ ಮದುವಿ ಊಟ ನಮಗ ಸದ್ಯಕ್ಕ ಸಿಗೂದಿಲ್ಲ ಬಿಡು."

"ಯಾವ ಮದುವಿ?" ಎಂದ ಮಹಾಂತ. ಉತ್ತರಕ್ಕೂ ನಿಲ್ಲದೆ ನಡೆದುಬಿಟ್ಟ. ಎಂಥ ನಾಟಕ ಎಂದು ಎಲ್ಲರೂ ಮತ್ತೆ ನಕ್ಕರು.

ಮಾರನೆಯ ಬೆಳಿಗ್ಗೆ ಬೀರದೇವ ಇಸ್ತ್ರಿ ಅಂಗಿ ತೊಟ್ಟು ಹೊರಟ. ಹೆಣ್ಣಿನ ಕಡೆಯವರು ಬಂದರೂ ಬಂದಾರು, ಮನೆ ಸಾರಿಸಿಡು ಎಂದು ಅವ್ವನಿಗೆ ಹೇಳಿದ್ದ. ಕೋಲ್ಡ್ ಸ್ಟೋರೇಜಿನಲ್ಲಿ ಮೊದಲು ಮಹಾಂತನನ್ನು ಕರೆದರು. ಒಳಗೆ ಹೋದವನು ಹೊರಗೆ ಬರಲಿಲ್ಲ. ಆಮೇಲೆ ಇವನ ಹೆಸರು ಕೂಗಿದರು.

ಬೀರದೇವ ಬಾಗಿಲಲ್ಲೇ ನಿಂತುಬಿಟ್ಟ. ಒಳಗೆ ಬಿಳಿ ಟೊಪ್ಪಿಗೆಯ ಹಿರಿಯರು ಬದಿಗೆ ಕೈಕಟ್ಟಿ ನಿಂತಿದ್ದರು. ಅವರ ಹಿಂದೆ, ಗೋದಾಮಿನ ಬಾಗಿಲಿಗೆ ಹಾಕಿದ ಕೀಲಿಯನ್ನು ಮಹಾಂತ ಜಗ್ಗಿ ನೋಡುತ್ತಿದ್ದ. ಮಾಲಕರ ಕುರ್ಚಿಯಲ್ಲಿ ಇಳಕಲ್ ಸೀರೆಯ ಹೆಂಗಸು ಕೂತಿದ್ದಳು.

"ಬೀರದೇವ ಅಂದ್ರ ನೀವ ಏನ್ರಿ?" ಎಂದಳು ಅವಳು. "ಮಹಾಂತಂದು ಮುಗಿಸಿ ನಿಮ್ಮ ಚೌಕಶೀನೂ ಮಾಡೂದಿತ್ತು. ನಿನ್ನೆ ನೀವ ಎಲ್ಲಾ ಹೇಳಿಬಿಟ್ರಿ."