ಹದಿನಾಲ್ಕನೆಯ ಚೀಟಿ

“ಈ ಸಲವಾದ್ರೂ ಸರಿಯಾಗಿ ಬಾಯಿಪಾಠ ಮಾಡ್ಕೊಂಡು ಬಂದಿದ್ದೀರಾ, ಅಕ್ಕಾ?”

ಸಾಲಿನಲ್ಲಿ ಹಿಂದೆ ನಿಂತಿದ್ದ ಟ್ಯಾಕ್ಸಿ ಚಾಲಕ ನೆಜು ಕೇಳಿದ. ಚಿಜುರು ಕತ್ತಿನ ಬೆವರು ಒರೆಸಿಕೊಂಡಳು. ಟೋಕಿಯೋದ ಎಲೆಕ್ಟ್ರಾನಿಕ್ಸ್ ಪೇಟೆ ಅಕಿಹಾಬಾರಾದ ಆ ಓಣಿಗೆ ಬೆಳಿಗ್ಗೆ ಆರಕ್ಕೇ ಬಂದವಳು ಅವಳು. ಈಗ ಹತ್ತೂಮುಕ್ಕಾಲು. ಆಗಸ್ಟಿನ ಬಿಸಿಲು ನೆತ್ತಿಗೆ ಬಂದಿತ್ತು. ಕೊಡೆ ಬಿಚ್ಚುವಂತಿಲ್ಲ, ಕುರ್ಚಿ ಹಾಕುವಂತಿಲ್ಲ, ದಾರಿಗೆ ಅಡ್ಡವಾಗುತ್ತದೆ. ಅರವತ್ತೊಂದು ವರ್ಷದ ಮಂಡಿಗಳು ಆಗಲೇ ದೂರು ಹೇಳತೊಡಗಿದ್ದವು.

ಕಂಪ್ಯೂಟರಿನ ಹೊಸ ಪ್ರೊಸೆಸರ್ ಹನ್ನೊಂದಕ್ಕೆ ಮಾರಾಟಕ್ಕೆ ಬರುವುದಿತ್ತು. ಅಂಗಡಿಗೆ ಬಂದದ್ದು ಹದಿನಾಲ್ಕೇ ಪೆಟ್ಟಿಗೆ. ಅವಳ ಕೈಯಲ್ಲಿದ್ದದ್ದು ಹದಿನಾಲ್ಕನೆಯ ಚೀಟಿ.

ಚೀಟಿಯೊಂದೇ ಸಾಲದು. ಬ್ಲ್ಯಾಕಿನಲ್ಲಿ ಮಾರುವವರು ಬಾಡಿಗೆ ಜನರನ್ನು ತಂದು ನಿಲ್ಲಿಸುತ್ತಾರೆಂದು ಇಂಥ ದಿನ ಇಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಪ್ರಶ್ನೆ ಕೇಳುತ್ತಾರೆ. ಉತ್ತರ ತಪ್ಪಿದರೆ ಆ ಪೆಟ್ಟಿಗೆ ಹಿಂದಿನವರ ಪಾಲು. ಬೇರೆ ದಿನಗಳಲ್ಲಿ ಈ ಅಂಗಡಿಯಲ್ಲಿ ಯಾರೂ ಯಾರನ್ನೂ ಮಾತನಾಡಿಸುವುದಿಲ್ಲ. ಬೇಕಾದದ್ದನ್ನು ಎತ್ತಿಕೊಂಡು ಹೋದರೆ ಯಂತ್ರವೇ ಹಣ ತೆಗೆದುಕೊಳ್ಳುತ್ತದೆ.

“ನಾನು ಹದಿನೈದನೆಯವ,” ನೆಜು ಮುಂದಿದ್ದ ಕಾಲೇಜು ಹುಡುಗಿಗೆ ಕೇಳುವಂತೆ ಹೇಳಿದ. “ಆದ್ರೂ ನಂಗೆ ಚಿಂತೆಯಿಲ್ಲ. ಈ ಅಕ್ಕ ಹೋದ ವರ್ಷ ಫೇಲು, ಫೆಬ್ರವರೀಲೂ ಫೇಲು. ಇವರ ಹಿಂದೆ ಜಾಗ ಸಿಕ್ತು ಅಂದ್ರೆ ಲಾಟರಿ ಹೊಡೆದ ಹಾಗೆ. ಇವರನ್ನೇ ಮತ್ತೆ ಮತ್ತೆ ಕಳಿಸ್ತಾನಲ್ಲ, ಆ ಬ್ಲ್ಯಾಕಿನ ಯಜಮಾನ ಅದೆಂಥ ದಡ್ಡನೋ!”

ಹುಡುಗಿಗೆ ನಗು ಬಂದರೂ ನಗಲಿಲ್ಲ. ಅವಳಿಗೆ ತನ್ನದೇ ಭಯ. “ಆಂಟಿ, ನನ್ನ ಕಂಪ್ಯೂಟರಿನ ಬೋರ್ಡು ಎರಡು ವರ್ಷದ್ದು. ಇದು ಅದರಲ್ಲಿ ಕೂರುತ್ತಾ?” ಎಂದು ಫೋನಿನಲ್ಲಿದ್ದ ಚಿತ್ರ ತೋರಿಸಿದಳು.

ಚಿಜುರು ಕನ್ನಡಕ ಏರಿಸಿ ನೋಡಿದಳು. “ಕೂರುತ್ತೆ, ಮರಿ. ಆದ್ರೆ ಮೊದಲು ಬೋರ್ಡಿನ ಬಯಾಸ್ ಸಾಫ್ಟ್‌ವೇರ್ ಹೊಸದು ಹಾಕ್ಕೋಬೇಕು. ಅದನ್ನೂ ಸೇರಿಸಿ ಹೇಳು, ಬಿಟ್ಟುಬಿಡ್ಬೇಡ.”

ಅಷ್ಟರಲ್ಲಿ ವ್ಯವಸ್ಥಾಪಕ ಹೊರಗೆ ಬಂದು ನಡು ಬಗ್ಗಿಸಿ ಕ್ಷಮೆ ಕೇಳಿದ. ಸಾಗಣೆಯಲ್ಲಿ ಒಂದು ಪೆಟ್ಟಿಗೆ ಜಜ್ಜಿಹೋಗಿದೆ. ಇರುವುದು ಹದಿಮೂರೇ.

ಚಿಜುರು ಕೈಯಲ್ಲಿದ್ದ ಚೀಟಿಯನ್ನು ಮತ್ತೊಮ್ಮೆ ನೋಡಿದಳು. ಮನೆಯಲ್ಲಿ ಗಂಡನಿಗೆ ಕಣ್ಣಿನ ಆಸ್ಪತ್ರೆಗೆಂದು ಹೇಳಿ ಬಂದಿದ್ದಳು. ಈ ಮೂರು ವರ್ಷಗಳಲ್ಲಿ ಅವಳ ಕಣ್ಣಿಗೆ ಬಂದ ಕಾಯಿಲೆಗಳು ಒಂದೆರಡಲ್ಲ. ಪೆಟ್ಟಿಗೆ ಮುಗಿದುಹೋದರೆ ಪ್ರಶ್ನೆ ಕೇಳುವ ಮೇಜಿನವರೆಗೂ ಬಿಡುವುದಿಲ್ಲ. ಬಾಗಿಲಿನಿಂದಲೇ ವಾಪಸು. ಹುಡುಗಿಗೆ ಹೇಳಿಕೊಡದೆ ಸುಮ್ಮನಿರಬಹುದಿತ್ತು ಎಂಬ ಯೋಚನೆ ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು.

ಬಾಗಿಲು ತೆರೆಯಿತು. ಸಾಲು ಹೆಜ್ಜೆ ಹೆಜ್ಜೆಯಾಗಿ ಸರಿಯಿತು. ಒಂಬತ್ತನೆಯವನು ಮುಖ ಗಂಟಿಕ್ಕಿಕೊಂಡು ಬರಿಗೈಯಲ್ಲಿ ಹೊರಬಂದ. ಪ್ರೊಸೆಸರ್ ಯಾವ ಬೋರ್ಡಿಗೆಂದು ಕೇಳಿದರೆ “ಒಳ್ಳೇ ಬೋರ್ಡಿಗೆ” ಎಂದಿದ್ದನಂತೆ. ಅವನ ಪಾಲಿನ ಪೆಟ್ಟಿಗೆ ಉಳಿದು, ಚಿಜುರುವಿನ ಸರದಿಗೂ ಒಂದು ಇರುವಂತಾಯಿತು.

ಒಳಗೆ ಎರಡು ಮೇಜು. ಎಡಗಡೆಯ ಮೇಜಿನ ಹೆಂಗಸು, “ಹದಿನಾಲ್ಕು, ಬನ್ನಿ,” ಎಂದು ಕರೆದಳು.

“ನಾನು ಆ ಮೇಜಿಗೇ ಕಾಯ್ತೀನಿ,” ಎಂದು ಚಿಜುರು ಬಲಗಡೆಗೆ ತೋರಿಸಿದಳು.

“ಎರಡರಲ್ಲೂ ಕೇಳೋದು ಒಂದೇ, ಮೇಡಂ.”

“ಪರವಾಗಿಲ್ಲ. ಕಾಯ್ತೀನಿ.”

“ಆ ಮೇಜಿನ ಹುಡುಗ ಸಡಿಲ ಅಂತ ಯಜಮಾನ ಹೇಳಿಕೊಟ್ಟಿರಬೇಕು,” ನೆಜು ಹಿಂದಿನಿಂದ ಗೊಣಗಿದ. “ಅವನೇ ಅಲ್ವಾ ಎರಡು ಸಲ ಫೇಲ್ ಮಾಡಿದ್ದು! ಇವರಿಗೆ ಬುದ್ಧಿ ಬರೋದು ಯಾವಾಗ?”

ಬಲಗಡೆಯ ಮೇಜಿನಿಂದ ಕಾಲೇಜು ಹುಡುಗಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ಎದ್ದಳು. ಚಿಜುರು ಕೂದಲು ಸರಿಮಾಡಿಕೊಂಡು ಹೋಗಿ ಕುಳಿತಳು. ಮೇಜಿನ ಆಚೆಯ ಯುವಕನ ಎದೆಯ ಪಟ್ಟಿಯಲ್ಲಿ ಹಿರಾಯಾಮಾ ಎಂದಿತ್ತು. ಫೆಬ್ರವರಿಗಿಂತ ಸೊರಗಿದ್ದ. ಅವನು ತಲೆಯೆತ್ತಲಿಲ್ಲ.

“ಇದನ್ನು ಯಾವ ಬೋರ್ಡಿಗೆ ಹಾಕ್ತೀರಿ, ಮೇಡಂ?”

“ಮನೇಲಿರೋ ಹಳೇದಕ್ಕೆ. ಒಂಬತ್ತು ವರ್ಷದ್ದು.”

ಅದರಲ್ಲಿ ಇದು ಕೂರುವುದೇ ಇಲ್ಲವೆಂದು ಸಾಲಿನಲ್ಲಿದ್ದ ಯಾರು ಬೇಕಾದರೂ ಹೇಳುತ್ತಿದ್ದರು. ಹಿಂದೆ ನೆಜು ಆಗಲೇ ಪರ್ಸಿಗೆ ಕೈಹಾಕಿದ್ದ. ಆದರೆ ಹಿರಾಯಾಮಾ ಕಾಗದದ ಮೇಲೆ ಫೇಲಿನ ಗೀಟು ಎಳೆಯಲಿಲ್ಲ.

“ಆ ಹಳೇದು ಈಗ ಹೇಗಿದೆ?”

“ಹಾಗೇ ಇದೆ. ಬೇಗ ಬಿಸಿಯಾಗುತ್ತೆ. ತಣ್ಣಗಾಗೋದೇ ಗೊತ್ತಿಲ್ಲ.”

“ಸದ್ದು?”

“ಮುಂಚಿನಷ್ಟಿಲ್ಲ. ಹೋದ ತಿಂಗಳು ಇದ್ದಕ್ಕಿದ್ದ ಹಾಗೆ ನಿಂತೇಹೋಗಿತ್ತು.”

ಅವನ ಪೆನ್ನು ನಿಂತಿತು. “ತೋರಿಸಿದ್ರಾ?”

“ತೋರಿಸ್ದೆ. ಗಾಬರಿಪಡೋಂಥದ್ದೇನಿಲ್ಲ ಅಂದ್ರು.”

ಪೆನ್ನು ಮತ್ತೆ ಚಲಿಸಿತು. ಅವನು ಇನ್ನೂ ಏನೇನೋ ಕೇಳಿದ. ಕೋಣೆಗೆ ಗಾಳಿ ಬರುತ್ತದೆಯೇ, ದಿನಕ್ಕೆ ಎಷ್ಟು ಹೊತ್ತು ಕೆಲಸ, ನಡುವೆ ಬಿಡುವು ಕೊಡುತ್ತೀರಾ. ಅವಳು ಒಂದೊಂದಕ್ಕೂ ನಿಧಾನವಾಗಿ, ಏನನ್ನೂ ತೋರಗೊಡದ ಮುಖದಲ್ಲಿ ಉತ್ತರ ಕೊಟ್ಟಳು. ಗೋಡೆಯ ಗಡಿಯಾರದಲ್ಲಿ ಏಳು ನಿಮಿಷ ಕಳೆದವು. ವ್ಯವಸ್ಥಾಪಕ ದೂರದಿಂದಲೇ ಕೆಮ್ಮಿದ.

ಹಿರಾಯಾಮಾ ಗೀಟು ಎಳೆದ. “ಕ್ಷಮಿಸಿ, ಮೇಡಂ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. “ಈ ಪೆಟ್ಟಿಗೆಯನ್ನು ನಿಮಗೆ ಕೊಡಲಾಗುವುದಿಲ್ಲ.”

“ನಾನು ಹೇಳ್ಲಿಲ್ವಾ!” ನೆಜು ತೊಡೆ ತಟ್ಟಿಕೊಂಡ.

ಚಿಜುರು ಮೇಜು ಹಿಡಿದು ಎದ್ದಳು. ಮಂಡಿ ಲಟಕ್ಕೆಂದಿತು. ಅವಳು ಬಾಗಿ ವಂದಿಸಿದಳು. ಪದ್ಧತಿಯಂತೆ ಅವನೂ ಎದ್ದು, ಅವಳಿಗಿಂತ ಆಳವಾಗಿ ಬಾಗಿದ. ಮೇಜಿನ ಮೇಲೆ ಇಬ್ಬರ ತಲೆಗಳೂ ಹತ್ತಿರ ಬಂದವು.

“ಮುಂದಿನದು ನವೆಂಬರ್ ಏಳಕ್ಕೆ, ಅಮ್ಮಾ. ಅದೂ ಹತ್ತೇ ಬರೋದಂತೆ, ಬೇಗ ಬಂದು ನಿಂತ್ಕೋ,” ಎಂದು ಮಗ ಪಿಸುಗುಟ್ಟಿದ. “ನಾನು ಕೇಳ್ದೆ ಅಂತ ಅಪ್ಪನಿಗೆ ಹೇಳ್ಬೇಡ.”